ತರನ್ನುಮಳ ಕೈಪಟ್ಟಿ

ತರನ್ನುಮಳ ಅಂಗೈ ಸದಾ ಒದ್ದೆ. ಬಬಲೇಶ್ವರದಲ್ಲಿ ಶಾಲೆಗೆ ಹೋಗುವಾಗ ಉತ್ತರಪತ್ರಿಕೆಯ ಶಾಯಿಯೆಲ್ಲ ಕಲಸಿಹೋಗುತ್ತಿತ್ತು. ಕಳವಳವಾದಾಗ ಬೆವರಿನಿಂದ ಚರ್ಮದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಅದನ್ನು ಅಳೆಯಬಹುದು ಎಂದು ಎಂಜಿನಿಯರಿಂಗ್ ಓದುವಾಗ ತಿಳಿಯಿತು. ಆ ದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಈಗ ವಿಜಯಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಮಿಕ್ಕ ಹೊತ್ತೆಲ್ಲ ಮನಸ್ಸಿನ ಒತ್ತಡ ಅಳೆಯುವ ಕೈಪಟ್ಟಿಯದೇ ಹುಚ್ಚು.

ಮೊದಲ ಪಟ್ಟಿಯನ್ನು ಕಡು ಬೇಸಿಗೆಯಲ್ಲಿ ಅಪ್ಪ ಯಾಕೂಬನಿಗೆ ಕಟ್ಟಿದಳು. ಬೇವಿನ ಮರದಡಿ ಗೊರಕೆ ಹೊಡೆಯುತ್ತಿದ್ದವನಿಗೆ ವಿಪರೀತ ಒತ್ತಡವಿದೆ ಎಂದು ಪಟ್ಟಿಗೆ ಜೋಡಿಸಿದ್ದ ಅವಳ ಫೋನು ತೋರಿಸಿತು.

"ಮಲಕೊಂಡವಗೂ ಟೆನ್ಷನ್ ಇರತೈತೇನವಾ?" ಎಂದು ಅವನು ನಕ್ಕ.

"ಬಿಸಿಲಿನ ಬೆವರನ್ನ ಇದು ಚಿಂತಿ ಅಂತ ತಿಳಕೊಂಡೈತಿ, ಅಬ್ಬಾಜಾನ್," ಎಂದಳು. ಅವಳಿಗೆ ನಗು ಬರಲಿಲ್ಲ.

ಮೈಯ ಬಿಸಿಯನ್ನೂ ಕೈಯ ಚಲನೆಯನ್ನೂ ಲೆಕ್ಕಕ್ಕೆ ಹಿಡಿಯುವಂತೆ ಪಟ್ಟಿಯನ್ನು ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ತಟ್ಟೆಯಲ್ಲಿ ರೊಟ್ಟಿ ಆರುತ್ತಿತ್ತು. ಅವ್ವ ಸಕೀನಾ ಬೈದು ಬೈದು ಸೋತಳು.

ಕೊನೆಗೆ ತಿಕೋಟಾದ ಒಂದು ಹೊಲಿಗೆ ಕಾರ್ಖಾನೆಯ ಹೆಂಗಸರು ಪಟ್ಟಿ ಕಟ್ಟಿಕೊಳ್ಳಲು ಒಪ್ಪಿದರು. ಈ ಸಲ ಅಳತೆ ಸರಿಯಾಗಿ ಬಂತು. ಮಾಲೀಕ ರಾಜಾರಾಮ ಹಿಗ್ಗಿದ. "ಯಾರ ತಲಿ ಬಿಸಿ ಐತಿ ಅನ್ನೂದು ನನ್ನ ಫೋನಿಗೂ ಬರೂಹಂಗ ಮಾಡ್ರಿ ಮೇಡಂ. ಅಂಥವ್ರನ್ನ ಇಟಗೊಂಡು ಏನ ಮಾಡೂದೈತ್ರಿ?"

ತರನ್ನುಮ ಥಟ್ಟನೆ ಎದ್ದು ಹೊರಟಳು. ಹಿಂದಿರುಗುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದಳು. ಅಳತೆ ಯಾರ ಕೈ ಸೇರಬೇಕು ಎಂಬುದನ್ನು ಅವಳು ಯೋಚಿಸಿಯೇ ಇರಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಹೊಲಿಯುವ ಸುಮಂಗಲಾಳಿಗೆ ಎಲ್ಲ ಹೇಳಿದಳು. ಸುಮಂಗಲಾ ಮಷಿನ್ ನಿಲ್ಲಿಸಿ ಕೇಳಿದಳು: "ನಮ್ಮ ತಲ್ಯಾಗಿಂದು ಅವರ ಫೋನಿನ್ಯಾಗ ಯಾಕ್ರಿ?"

ತರನ್ನುಮ ಮಾಹಿತಿ ಹೊರಗೆ ಕಳಿಸುವ ಭಾಗವನ್ನೇ ಕಿತ್ತುಹಾಕಿದಳು. ಈಗ ಒತ್ತಡ ಏರಿದರೆ ಪಟ್ಟಿ ಮೆಲ್ಲಗೆ ನಡುಗುತ್ತದೆ; ಕಟ್ಟಿಕೊಂಡವಳಿಗಷ್ಟೇ ಗೊತ್ತಾಗುತ್ತದೆ. ರಾಜಾರಾಮ ಸಿಟ್ಟಾಗಿ ಕಾರ್ಖಾನೆಯೊಳಗೆ ಪಟ್ಟಿ ತರಕೂಡದೆಂದ. ತರನ್ನುಮ ಪಟ್ಟಿಗಳನ್ನು ತಿರುಗಿ ಒಯ್ಯಲು ಹೋದರೆ ಸುಮಂಗಲಾ ಕೊಡಲೊಲ್ಲಳು. "ಮನ್ಯಾಗ ಕಟಗೋತೀವ್ರಿ. ನಮಗೇನು ಮನ್ಯಾಗ ಚಿಂತಿ ಇಲ್ಲೇನು?"

ಈಗ ರವಿವಾರಕ್ಕೊಮ್ಮೆ ಸುಮಂಗಲಾಳ ಅಂಗಳದಲ್ಲಿ ಪಟ್ಟಿ ಕಟ್ಟಿಕೊಂಡ ಹೆಂಗಸರು ಸೇರುತ್ತಾರೆ. ಮೊನ್ನೆ ತರನ್ನುಮ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು.

"ಕುಂಡ್ರಿ ಮೇಡಂ, ಚಾ ಕುಡೀರಿ," ಎಂದಳು ಸುಮಂಗಲಾ.

"ಆಮ್ಯಾಲ ಕುಂಡ್ರತೇನಿ. ಯಾರ ಪಟ್ಟಿ ಸಡ್ಲ ಆಗೈತಿ, ಮೊದಲ ತೋರಸ್ರಿ."