ವ್ಯಾನಿನ ಮೇಲೆ ಹತ್ತಿ ಕೂಗಿದ ರೇಟು

ನನ್ನ ಭಾವನಿಗೆ ಶ್ರೀನಿವಾಸಪುರದಲ್ಲಿ ಹೆಂಚಿನ ಒಳ್ಳೆಯ ಮನೆಯಿತ್ತು. ಆದರೆ ಯುಗಾದಿ ಕಳೆದು ಮಾವಿನ ಕಾಯಿ ಗೋಲಿಯ ಗಾತ್ರ ದಾಟಿತೆಂದರೆ ಅಕ್ಕ, ಭಾವ ಇಬ್ಬರೂ ಆ ಮನೆಗೆ ಬೀಗ ಜಡಿದು ಒಂದು ಹಳೆಯ ಮೆಟಡಾರ್ ವ್ಯಾನಿನಲ್ಲಿ ಸಂಸಾರ ಹೂಡುತ್ತಿದ್ದರು. ಭಾವ ಮಾವಿನ ವ್ಯಾಪಾರಿ. ಯಲ್ದೂರಿನ ಸುತ್ತಿನಿಂದ ಹೊರಟು ಮುಳಬಾಗಿಲು, ಅಲ್ಲಿಂದ ಮಾಲೂರು ಎಂದು ತೋಪಿನಿಂದ ತೋಪಿಗೆ ಹೋಗಿ ಫಸಲನ್ನು ಗುತ್ತಿಗೆ ಹಿಡಿಯುವುದು, ಕಾಯಿ ಇಳಿಸಿ ಮಂಡಿಗೆ ಕಳಿಸುವುದು ಅವನ ಕೆಲಸ. ವ್ಯಾನಿನ ಹಿಂದಿನ ಸೀಟು ಕಿತ್ತು ಹಲಗೆಯ ಮಂಚ ಹಾಕಿಸಿದ್ದ. ಅದರಡಿಯಲ್ಲಿ ಸೀಮೆಎಣ್ಣೆ ಸ್ಟೌ, ನೀರಿನ ಡ್ರಮ್ಮು, ರಾಗಿಹಿಟ್ಟಿನ ಡಬ್ಬ. ಡ್ರೈವರ್ ಸೀಟಿನ ಹಿಂದೆ ಕನ್ನಡಿ ಮತ್ತು ದೇವರ ಫೋಟೋ. ಕನ್ನಡಿಯನ್ನು ಹೇಗೆ ತಗುಲಿಹಾಕಿದ್ದನೆಂದರೆ, ಅಕ್ಕ ಕುಂಕುಮ ಇಟ್ಟುಕೊಳ್ಳುವಾಗ ದೇವರಿಗೂ ಭಾವನ ಬೋಳುತಲೆ ಕಾಣುತ್ತಿತ್ತು.

ಅಕ್ಕ ಈ ಗಾಡಿಯಲ್ಲಿ ಸುಮ್ಮನೆ ಜೊತೆಗೆ ಹೋಗುತ್ತಿರಲಿಲ್ಲ. ನಮ್ಮ ಕಡೆ ಮಾವಿನ ರೇಟನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಕೊಡುವವನು, ಕೊಳ್ಳುವವನು ಎದುರುಬದುರು ಕೂತು, ಕೈಮೇಲೆ ಟವಲ್ ಮುಚ್ಚಿ, ಅದರ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಸುತ್ತ ಊರೆಲ್ಲ ನಿಂತಿದ್ದರೂ ಟವಲ್ ಅಲುಗಾಡುವುದು ಕಾಣುತ್ತದೆಯೇ ಹೊರತು ಬೇರೇನೂ ತಿಳಿಯುವುದಿಲ್ಲ. ಆದರೆ ತೋಪಿನ ಒಡೆಯರು ಹೆಂಗಸರಾದರೆ ಪರಗಂಡಸು ಬೆರಳು ಹಿಡಿಯುವುದೆಲ್ಲಿ ಬಂತು? ಅಲ್ಲಿ ಅಕ್ಕ ಕೂರುತ್ತಿದ್ದಳು, ಟವಲಿನ ಬದಲು ಸೆರಗು ಹೊದಿಸಿ. ಮೂರು ತಾಲ್ಲೂಕಿನ ಒಂಟಿ ಹೆಂಗಸರ ತೋಪುಗಳೆಲ್ಲ ಭಾವನಿಗೇ ಬರುತ್ತಿದ್ದುದರ ಗುಟ್ಟು ಇದು. ಭಾವ ಮಾತ್ರ ಅದನ್ನು ತನ್ನ ಒಳ್ಳೆಯ ಹೆಸರಿನ ಫಲವೆಂದು ತಿಳಿದಿದ್ದ.

ನಾನು ಕೋಲಾರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವನು. ಉಳಿದ ಹೊತ್ತಿನಲ್ಲಿ ಚಿಂತೆ ಮಾಡುವವನು. ಪೇಪರಿನಲ್ಲಿ ಎಲ್ಲೇ ವ್ಯಾನು ಮಗುಚಿದ ಸುದ್ದಿ ಬಂದರೂ ಅದು ನನ್ನಕ್ಕನ ವ್ಯಾನೇ ಎಂದು ಬಣ್ಣ, ನಂಬರು ಓದುವವರೆಗೆ ಕಾಫಿ ಇಳಿಯುತ್ತಿರಲಿಲ್ಲ. ಮೊಬೈಲು ಕೋಲಾರದ ಅಂಗಡಿಗಳಿಗೆ ಆಗ ತಾನೇ ಬಂದಿತ್ತು. ಹೆಂಡತಿ ಬೇಡವೆಂದರೂ ಕೇಳದೆ ಒಂದನ್ನು ಕೊಂಡು, ರಜೆ ಹಾಕಿ, ಮುಳಬಾಗಿಲಿನ ಹತ್ತಿರ ವ್ಯಾನನ್ನು ಹುಡುಕಿ ಹಿಡಿದೆ.

"ಏನ್ಲಾ ಬಾಮೈದ ಇದು, ಸೋಪಿನ ಡಬ್ಬೀನಾ?" ಎಂದ ಭಾವ.

"ಮೊಬೈಲು ಭಾವ. ನೀವು ಎಲ್ಲಿದೀರಾ ಅಂತ ಗೊತ್ತಾಗ್ಬೇಕಲ್ಲ."

"ಮಾವಿನ ಸೀಸನ್ನಲ್ಲಿ ಮಾವಿನ ತೋಪಲ್ಲಿರ್ತೀನಿ. ಅದನ್ನ ತಿಳ್ಕೊಳ್ಳೋಕೆ ಇಷ್ಟು ದುಡ್ಡು ಹಾಕ್ದಾ?"

"ಇರ್ಲಿ ಬಿಡಿ" ಎಂದಳು ಅಕ್ಕ. "ಅವನು ಮಲಗ್ಬೇಕು ಅಂದ್ರೆ ನಾವು ಬದುಕಿದೀವಿ ಅಂತ ಯಾರಾದ್ರೂ ಹೇಳ್ತಾ ಇರ್ಬೇಕು."

ನಾನು ಆ ಯಂತ್ರವನ್ನು ಮಗುವಿನ ಹಾಗೆ ನೋಡಿಕೊಂಡೆ. ಬಿಸಿಲು ತಾಗದಿರಲೆಂದು ರಾಗಿಹಿಟ್ಟಿನ ಡಬ್ಬದಲ್ಲಿ ಇಟ್ಟೆ. ರಿಂಗಾದರೆ ಹಿಟ್ಟು ನಡುಗುತ್ತಿತ್ತು, ಅದರ ಜೊತೆ ಅಕ್ಕನೂ. ವ್ಯಾನಿನ ಬ್ಯಾಟರಿಯಿಂದ ವೈರು ಎಳೆಸಿ ಚಾರ್ಜು ಹಾಕಿದೆ. ಮಾರನೆಯ ಬೆಳಿಗ್ಗೆ ಫೋನು ತುಂಬಿ ತುಳುಕುತ್ತಿತ್ತು, ವ್ಯಾನು ಸ್ಟಾರ್ಟ್ ಆಗಲಿಲ್ಲ. ಕಾಯಿ ಇಳಿಸುವ ಆಳುಗಳೆಲ್ಲ ಸೇರಿ ನಮ್ಮನ್ನು ಹೈವೇವರೆಗೆ ತಳ್ಳಿದರು. ಭಾವ ಸ್ಟೇರಿಂಗ್ ಹಿಡಿದು, "ಯಾರಿಗಾದ್ರೂ ಫೋನ್ ಮಾಡಿ ಹೇಳ್ಲಾ, ನಾವು ಎಲ್ಲಿದೀವಿ ಅಂತ" ಎಂದು ಕನ್ನಡಿಯಲ್ಲಿ ನನ್ನನ್ನು ನೋಡಿ ಹಲ್ಲು ಕಿರಿದ.

ಅದೇ ದಿನ ಮುಳಬಾಗಿಲಿನ ಒಂದು ಹೋಟೆಲಿನಲ್ಲಿ ರೀಚಾರ್ಜ್ ಕಾರ್ಡು ಕೆರೆದೆ. ಅಂಕಿ ತಪ್ಪಾದರೆ ದುಡ್ಡು ಹೋದೀತೆಂಬ ಭಯಕ್ಕೆ ಒಂದೊಂದನ್ನೂ ಗಟ್ಟಿಯಾಗಿ ಓದಿ, ಭಾವನ ಕೈಲಿ ಮತ್ತೆ ಹೇಳಿಸಿ, ಆಮೇಲೆ ಒತ್ತಿದೆ. ಈ ಕಾರ್ಡು ಆಗಲೇ ಬಳಕೆಯಾಗಿದೆ ಎಂದು ಒಳಗಿನ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದಳು. ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ಸಫಾರಿ ಸೂಟಿನ ಮನುಷ್ಯ ಅಷ್ಟರಲ್ಲಿ ಎದ್ದು, ತನ್ನ ಮೊಬೈಲನ್ನು ಜೇಬಿಗಿಟ್ಟುಕೊಂಡು, ನನಗೆ ನಮಸ್ಕಾರ ಮಾಡಿ ಹೋದ. ಬಹಳ ಮರ್ಯಾದಸ್ಥ.

"ನೋಡ್ದಾ? ನಂಬರ್ ಅನ್ನೋದು ಬಾಯಿಗೆ ಬರಬಾರ್ದು ಕಣೋ" ಎಂದಳು ಅಕ್ಕ.

ಭಾವನಿಗಂತೂ ಅದು ರಕ್ತದಲ್ಲೇ ಇತ್ತು. ಮಾಲೂರಿನ ಕಡೆ ಹೋದಾಗ, ಅವನ ಕಾಯಿ ಕೊಳ್ಳುವ ಮಂಡಿಯ ಸಾಹುಕಾರನ ಫೋನು ಬಂದರೆ, ತಲೆಯ ಮೇಲಿಂದ ಸೊಂಟದವರೆಗೆ ಟವಲ್ ಹೊದ್ದು ಅದರೊಳಗೆ ಮಾತಾಡುತ್ತಿದ್ದ. ಶಿವಾರಪಟ್ಟಣದಲ್ಲಿ ಕೆತ್ತಿ ಬಟ್ಟೆ ಮುಚ್ಚಿಟ್ಟ ವಿಗ್ರಹದ ಹಾಗೆ ಕಾಣುತ್ತಿದ್ದ. ಒಂದೇ ವ್ಯತ್ಯಾಸವೆಂದರೆ ವಿಗ್ರಹ ಕೂಗುವುದಿಲ್ಲ. ಟವಲಿನೊಳಗಿಂದ ಅವನು ಹೇಳುತ್ತಿದ್ದ "ಹಲೋ, ಗುಟ್ಟಾಗಿ ಹೇಳ್ತಾ ಇದೀನಿ" ಎನ್ನುವ ಮಾತು ಪಕ್ಕದ ತೋಪಿನ ಮರದ ಮೇಲಿದ್ದವರಿಗೂ ಕೇಳುತ್ತಿತ್ತು.

ನನ್ನ ರಜೆ ಮುಗಿಯುವ ಹೊತ್ತಿಗೆ ನಾವು ಯಲ್ದೂರಿನ ಆಚೆಯ ಒಂದು ಸಣ್ಣ ಹಳ್ಳಿಗೆ ಬಂದೆವು. ಅಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿಗೆ ಒಂದು ತೋಪಿತ್ತು. ಬಾದಾಮಿ, ಬೇನಿಷಾ ಎರಡೂ ಜಾತಿಯ ಮಾವು ತೂಗಿ ನಿಂತಿದ್ದವು. ಅವಳಿಗೊಬ್ಬಳೇ ಮಗಳು. ಆ ಹುಡುಗಿಗೆ ಕೋಲಾರದಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು, ಫೀಸು ಈ ಫಸಲಿನಿಂದಲೇ ಹುಟ್ಟಬೇಕಿತ್ತು. ಫಸಲಿಗೇನೂ ಕೊರತೆಯಿರಲಿಲ್ಲ. ಇದ್ದ ತೊಂದರೆ ಅವಳ ಮೈದುನ. ಪ್ರತಿ ವರ್ಷ ರೇಟು ಹೇಗೋ ಅವನ ಕಿವಿಗೆ ಬೀಳುತ್ತಿತ್ತು. ಅಂದು ಸಂಜೆಯೊಳಗೆ "ಅತ್ತಿಗೆ, ಸ್ವಲ್ಪ ಕೈಬದಲು" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಒಂದೇ ಗೋಡೆಯ ಆಚೀಚೆ ಇರುವವರು, ಇಲ್ಲವೆನ್ನುವುದು ಹೇಗೆ? ಕೊಟ್ಟದ್ದು ಎಂದೂ ತಿರುಗಿ ಬಂದದ್ದಿಲ್ಲ.

ಆ ಹೆಂಗಸು ಅಕ್ಕನ ಕೈ ಹಿಡಿದು ತೆಲುಗಿನಲ್ಲಿ ಹೇಳಿದಳು: "ನೀಕು ನಾಕು ತಪ್ಪ ಗಾಲಿಕಿ ಕೂಡಾ ತೆಲಿಯಕೂಡದು." ನಮ್ಮಿಬ್ಬರನ್ನು ಬಿಟ್ಟು ಗಾಳಿಗೂ ತಿಳಿಯಬಾರದು. ಆಮೇಲೆ ನನ್ನ ಕನ್ನಡಕವನ್ನೂ ಕೈಲಿದ್ದ ಮೊಬೈಲನ್ನೂ ಒಮ್ಮೆ ನೋಡಿ, ಕನ್ನಡದಲ್ಲಿ ಕೇಳಿದಳು: "ಇವರ್ಯಾರು?"

"ನನ್ನ ತಮ್ಮ. ಪಾಪದೋನು" ಎಂದಳು ಅಕ್ಕ.

ವ್ಯಾಪಾರಕ್ಕೆ ಕೂರುವ ಮುಂಚೆ ಭಾವನಿಗೆ ಈ ಫಸಲಿನ ಬಗ್ಗೆ ಮಂಡಿಯ ಸಾಹುಕಾರನ ಮಾತು ಬೇಕಿತ್ತು. ಮೊದಲೆಲ್ಲ ಇದಕ್ಕಾಗಿ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋಗಿ ಬರುತ್ತಿದ್ದ, ಈಗ ಮೊಬೈಲಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಪಡುವಣಕ್ಕೆ ತಿರುಗಿದರೆ ಏನೂ ಇಲ್ಲ, ಮೂಡಣಕ್ಕೆ ತಿರುಗಿದರೆ ಗಡಿಯಾಚೆಯ ಆಂಧ್ರದ ಟವರು ಹಿಡಿದು, ಬಂದ ಕರೆಗೂ ದುಡ್ಡು ಕೀಳುತ್ತಿತ್ತು. ತೋಪೆಲ್ಲ ಸುತ್ತಿ ನೋಡಿದ ಮೇಲೆ ನಮ್ಮ ಟವರಿನ ಒಂದೇ ಒಂದು ಗೀಟು ಸಿಕ್ಕಿದ ಜಾಗ ಒಂದೇ: ಅರಳಿಕಟ್ಟೆಯ ಪಕ್ಕ ನಿಲ್ಲಿಸಿದ್ದ ನಮ್ಮ ವ್ಯಾನಿನ ತಲೆಯ ಮೇಲೆ.

ಭಾವ ಹತ್ತಿದರೆ ವ್ಯಾನಿನ ತಗಡು ಬಗ್ಗುತ್ತಿತ್ತು. ಆದ್ದರಿಂದ ನಾನು ಹತ್ತಬೇಕಾಯಿತು.

"ನೀನೇನೂ ಮಾತಾಡ್ಬೇಡ" ಎಂದ ಭಾವ. "ಅವನು ಹೇಳಿದ್ದನ್ನ ಕೇಳಿಸ್ಕೊ, ಇಳ್ದು ಬಾ, ನನ್ನ ಕಿವೀಲಿ ಹೇಳು. ಅಷ್ಟೇ. ಆಯ್ತಾ?"

"ಆಯ್ತು ಭಾವ."

ಕಟ್ಟೆಯ ಮೇಲೆ ಊರ ಗಂಡಸರೆಲ್ಲ ಕೂತಿದ್ದರು. ವ್ಯಾನಿನ ಮೇಲೆ ಪ್ಯಾಂಟು ಹಾಕಿದವನೊಬ್ಬ ನಿಂತದ್ದನ್ನು ಅವರು ಹಿಂದೆಂದೂ ಕಂಡಿರಲಾರರು, ಎಲ್ಲರೂ ಕತ್ತೆತ್ತಿ ಕೂತರು. ಎಲ್ಲರಿಗಿಂತ ಮುಂದೆ ಬೀಡಿ ಹಚ್ಚಿಕೊಂಡು ಕೂತಿದ್ದವನು ಆ ಹೆಂಗಸಿನ ಮೈದುನ. ಅವಳೂ ಮಗಳೂ ತಮ್ಮ ಬಾಗಿಲಲ್ಲಿ ನಿಂತಿದ್ದರು. ಲೈನು ಸಿಕ್ಕಿತು. ಸಾಹುಕಾರ ಏನೋ ಹೇಳಿದ. ಅರ್ಧ ಗೊರಗೊರ, ಅರ್ಧ ಮಾತು. ತಪ್ಪು ಕೇಳಿಸಿಕೊಂಡರೆ ಭಾವನ ಗತಿ? ಆ ಹುಡುಗಿಯ ಗತಿ? ಲೆಕ್ಕದವನ ಬಾಯಿ, ತನ್ನಷ್ಟಕ್ಕೆ ತೆರೆದುಕೊಂಡಿತು.

"ನಲವತ್ತಾ? ಸಾಹುಕಾರ್ರೇ, ನಲವತ್ತು ಸಾವಿರಾನಾ? ಇನ್ನೊಂದ್ಸಲ ಹೇಳಿ... ನಾಲ್ಕು, ಸೊನ್ನೆ. ನಲವತ್ತು! ಸರೀನಾ?"

ಲೈನು ಕಡಿಯಿತು. ಮೈದುನ ನಿಧಾನವಾಗಿ ಎದ್ದು ಪಂಚೆ ಸರಿಮಾಡಿಕೊಂಡ. ಎದುರಿಗಿದ್ದ ಆ ಹೆಂಗಸಿನ ಮನೆಯ ಬಾಗಿಲು ಮುಚ್ಚಿಕೊಂಡಿತು.

ನಾನು ಮೇಲೆಯೇ ಕೂತುಬಿಟ್ಟೆ. ಒಂದು ಹುಡುಗಿಯ ಓದನ್ನು ನಾಲ್ಕು ದಿಕ್ಕಿಗೂ ಕೂಗಿ ಹಂಚಿದವನು ಯಾವ ಮುಖ ಹೊತ್ತು ಇಳಿಯಬೇಕು? ಭಾವ ಕೆಳಗಿನಿಂದ, "ಕಿವೀಲಿ ಹೇಳು ಅಂದೆ. ಯಾರ ಕಿವಿ ಅಂತ ಹೇಳ್ದೆ ಹೋಗಿದ್ದು ನನ್ನ ತಪ್ಪು" ಎಂದ.

ಅಕ್ಕ ಹೋಗಿ ಆ ಹೆಂಗಸಿನ ಬಾಗಿಲು ತಟ್ಟಿ ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಹೊರಗೆ ಬಂದು, ಎಲ್ಲರೆದುರಿಗೆ ಜಗಲಿಯ ಮೇಲೆ ಕೂತು ಕೈಮೇಲೆ ಸೆರಗು ಎಳೆದುಕೊಂಡರು.

"ನಲವತ್ತಕ್ಕೆ ಒಂದ್ರುಪಾಯಿ ಜಾಸ್ತಿ ಬರಲ್ಲ ಕಣಮ್ಮ" ಎಂದಳು ಅಕ್ಕ ಗಟ್ಟಿಯಾಗಿ. "ನನ್ನ ತಮ್ಮ ಹೇಳಿದ್ದು ಊರೇ ಕೇಳಿದೆ."

"ಅದ್ರಲ್ಲಿ ಹೂವಿನ ಕಾಲಕ್ಕೇ ನಿಮ್ಮಿಂದ ತಗೊಂಡ ಮುಂಗಡ ಕಳೀರಿ" ಎಂದು ಆ ಹೆಂಗಸು ಹಣೆ ಚಚ್ಚಿಕೊಂಡಳು. "ಬಾವಿ ಮೋಟರಿಗೆ ಸುರಿದದ್ದು ಕಳೀರಿ. ನನ್ನ ಪಾಲಿಗೆ ಓಟೆ, ಸಿಪ್ಪೆ!"

ಹಣೆ ಚಚ್ಚಿಕೊಂಡದ್ದು ಎಡಗೈಯಿಂದ. ಬಲಗೈ ಸೆರಗಿನ ಕೆಳಗೇ ಇತ್ತು. ನಲವತ್ತಾಗಿದ್ದರೆ ನಾಲ್ಕು ಬೆರಳನ್ನು ಒಮ್ಮೆ ಹಿಡಿದರೆ ಮುಗಿಯಬೇಕು. ಆದರೆ ಸೆರಗು ಬಹಳ ಹೊತ್ತು ಅಲುಗಾಡುತ್ತಲೇ ಇತ್ತು. ಒಮ್ಮೆ ಆ ಹೆಂಗಸು ಅಳುತ್ತಿರುವಾಗಲೇ ಅವಳ ಹುಬ್ಬು ಸ್ವಲ್ಪ ಮೇಲೇರಿದಂತೆ ನನಗೆ ಕಂಡಿತು. ಭಾವ ಆಕಾಶ ನೋಡುತ್ತಿದ್ದ.

ಮೈದುನ ಅಷ್ಟಕ್ಕೆ ನಂಬುವವನಲ್ಲ. ಬೆಳಿಗ್ಗೆ ನಾನು ಡ್ರಮ್ಮಿನ ನೀರಲ್ಲಿ ಮುಖ ತೊಳೆಯುತ್ತಿದ್ದಾಗ ಒಂದು ಲೋಟ ಟೀ ಹಿಡಿದು ಬಂದ.

"ಸ್ವಾಮಿ, ತಾವು ಓದಿದೋರು. ಸುಳ್ಳು ಹೇಳೋರಲ್ಲ. ಎಷ್ಟಕ್ಕೆ ಮುಗೀತು?"

"ನಾನು ಕೇಳಿಸಿಕೊಂಡಿದ್ದು ನಲವತ್ತು."

"ದೇವರ ಮೇಲೆ ಆಣೆ?"

"ದೇವರ ಮೇಲೆ ಆಣೆ" ಎಂದೆ. ನಿಜವನ್ನೇ ಹೇಳುತ್ತಿದ್ದುದರಿಂದ ನನ್ನ ಮುಖವೂ ಸತ್ಯವಂತನ ಮುಖವೇ ಆಗಿತ್ತು. ಅವನು ಬೆರಳು ಮಡಿಚಿ ಮುಂಗಡ, ಮೋಟರು ಎಲ್ಲ ಕಳೆದು ನೋಡಿ, ಮುಖ ಹುಳ್ಳಗೆ ಮಾಡಿಕೊಂಡು, ನನಗೆಂದು ತಂದಿದ್ದ ಟೀಯನ್ನು ತಾನೇ ಕುಡಿದು ಹೋದ.

ಗಾಡಿ ಹೊರಟ ಮೇಲೆ ಭಾವನನ್ನು ಕೇಳಿದೆ: "ಸಾಹುಕಾರ್ರು ನಲವತ್ತು ಅಂದಿದ್ದು ನಿಜ ಅಲ್ವಾ ಭಾವ?"

"ಲೇ ಬಾಮೈದ, ಅವನು ಮಂಡೀಲಿ ಕೂತಿದಾನೆ. ಸುತ್ತ ಹತ್ತು ಜನ ವ್ಯಾಪಾರಸ್ತರು ಕಿವಿ ಚಾಚ್ಕೊಂಡಿರ್ತಾರೆ. ಅವರೆದುರಿಗೆ ಫೋನಲ್ಲಿ ನಿಜವಾದ ರೇಟು ಹೇಳ್ತಾನಾ? ಬಾಯಿಗೆ ಬಂದಿದ್ದೊಂದು ಹೇಳ್ತಾನೆ. ನಂಬರ್ ಅಂತ ಒಂದು ಹೇಳ್ದ ಅಂದ್ರೆ ಮಾಲು ಬೇಕು ಅಂತ. ಬೇಡದಿದ್ರೆ 'ನೋಡೋಣ' ಅಂತಿದ್ದ."

"ಹಂಗಾದ್ರೆ ಕೊಟ್ಟಿದ್ದು ಎಷ್ಟು?"

ಅಕ್ಕ ಸ್ಟೌ ಒರೆಸುತ್ತಿದ್ದಳು. "ನಿನಗ್ಯಾಕೋ ಅದು? ಗೊತ್ತಿಲ್ದೇ ಇದ್ರೇನೇ ನೀನು ಚೆನ್ನಾಗಿ ಹೇಳ್ತೀಯ" ಎಂದಳು.

ಮಳೆ ಹಿಡಿದ ಮೇಲೆ ಆ ಹುಡುಗಿ ಕೋಲಾರಕ್ಕೆ ಬಂದಳು. ಊರಲ್ಲಿ ಗುರುತಿನವನು ನಾನೊಬ್ಬನೇ ಆದ್ದರಿಂದ ಕಾಲೇಜಿಗೆ ಸೇರಿಸಲು ನಾನೇ ಜೊತೆಗೆ ಹೋದೆ. ಪಾಪ, ಅವಳಿಗೆ ದುಡ್ಡು ಸಾಕಾಗದಿದ್ದರೆ ಏನು ಮಾಡುವುದೆಂದು ಯೋಚಿಸಿ ಯೋಚಿಸಿ, ಒಂದಿಷ್ಟು ನೋಟುಗಳನ್ನು ನನ್ನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದೆ. ಕಿಟಕಿಯ ಹಿಂದಿನ ಗುಮಾಸ್ತ, "ಒಂದು ಕಂತಾ, ಪೂರ್ತಿನಾ?" ಎಂದು ಕೇಳಿದ. ಹುಡುಗಿ ತಾಯಿ ಹೊಲಿದುಕೊಟ್ಟ ಬಟ್ಟೆಯ ಚೀಲಕ್ಕೆ ಕೈಹಾಕಿದವಳು, ತಟ್ಟನೆ ನಿಂತು ನನ್ನ ಕಡೆ ತಿರುಗಿದಳು.

"ಸಾರ್, ತಪ್ಪು ತಿಳ್ಕೋಬೇಡಿ" ಎಂದಳು ಬಹಳ ವಿನಯದಿಂದ. "ನೀವು ಸ್ವಲ್ಪ ಹೊರಗಡೆ ನಿಂತಿರ್ತೀರಾ?"

ಹೋಗಿ ಬೇವಿನ ಮರದ ಕೆಳಗೆ ನಿಂತೆ. ಅವಳು ರಸೀತಿಯನ್ನು ನಾಲ್ಕಾಗಿ ಮಡಿಚಿ ಚೀಲದೊಳಗಿಟ್ಟುಕೊಂಡು, ನಗುತ್ತ ಹೊರಗೆ ಬಂದಳು.