ಗಾಜಿನಕ್ಕ ತೊಳೆದ ಬಿಲ್ಲೆ

ಬೆಳಗಿನ ಆರು ಗಂಟೆ. ಪ್ರಯೋಗಾಲಯದಲ್ಲಿ ಮೂಲೆಯ ಮಂದ ದೀಪ ಬಿಟ್ಟರೆ ಕತ್ತಲೆ. ಉಗುರಗಲದ ಗಾಜಿನ ಬಿಲ್ಲೆಯನ್ನು ಚಿಮುಟದಲ್ಲಿ ಹಿಡಿದು ಗಾಜಿನಕ್ಕ ಉಪ್ಪುನೀರಿನಲ್ಲಿ ಅದ್ದುತ್ತಾರೆ. ಇಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ.

"ಇದು ಐದನೇ ನೀರು. ಮಾತಾಡಿಸ್ಬೇಡಿ, ಲೆಕ್ಕ ತಪ್ಪುತ್ತೆ" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನ ಬಾಯಿ ಮುಚ್ಚಿಸಿ, ತಾವೇ ಮಾತಿಗಿಳಿಯುತ್ತಾರೆ.

ಬಿಲ್ಲೆಯ ಒಂದು ಮುಖಕ್ಕೆ ಜೀವಕೋಶಗಳು ಅಂಟಿಕೊಂಡಿವೆ. ಅವುಗಳೊಳಗಿನ ಎಳೆಗಳಿಗೆ ಮಾತ್ರ ಹೊಳೆಯುವ ಬಣ್ಣ ಹತ್ತಿಸುವುದು ಅಕ್ಕನ ಕೆಲಸ. ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ. ಹೆಚ್ಚಾದದ್ದು ಉಳಿದರೆ? "ಚಿತ್ರದ ತುಂಬ ಹಿಟ್ಟು ಚೆಲ್ಲಿದ ಹಾಗಿರುತ್ತೆ!"

ಹತ್ತೊಂಬತ್ತು ವರ್ಷದ ಹಿಂದೆ ಸೀಸೆ ತೊಳೆಯಲು ಸೇರಿದವರು, ನೋಡಿ ನೋಡಿಯೇ ಇದನ್ನು ಕಲಿತರು. "ಮೊದಲ ವರ್ಷ ಬಣ್ಣ ಹಚ್ಚಿದ್ದಕ್ಕಿಂತ ಒಡೆದಿದ್ದೇ ಜಾಸ್ತಿ" ಎಂದು ನಗುತ್ತಾರೆ. ಈಗ ದಿನಕ್ಕೆ ಇಪ್ಪತ್ತನಾಲ್ಕು ಬಿಲ್ಲೆ. ಇವತ್ತು ಒಂದೇ. ಇಲ್ಲಿನ ಯುವ ಸಂಶೋಧಕಿಯೊಬ್ಬಳು ನಲವತ್ತು ದಿನ ಬೆಳೆಸಿದ ಕೋಶಗಳಲ್ಲಿ ಉಳಿದಿರುವುದು ಇದಷ್ಟೇ. ಎಂಟು ಗಂಟೆಗೆ ಅತಿಸೂಕ್ಷ್ಮದರ್ಶಕದಲ್ಲಿ ಅವಳ ಸರದಿ. ತಪ್ಪಿದರೆ ಮುಂದಿನದು ಎರಡು ತಿಂಗಳಿಗೆ. ಪಾಪ, ಅಕ್ಕನ ಹಿಂದೆ ಗಡಿಯಾರ ನೋಡುತ್ತ ನಿಂತಿದ್ದಾಳೆ.

ಆರನೇ ನೀರಿಗೆ ಚಿಮುಟ ಜಾರುತ್ತದೆ. ಬಿಲ್ಲೆ ಗಿರಕಿ ಹೊಡೆದು ಒದ್ದೆ ಕಾಗದದ ಮೇಲೆ ಬೀಳುತ್ತದೆ.

"ಅಯ್ಯೋ ಅಕ್ಕಾ!"

ಸದ್ಯ, ಒಡೆದಿಲ್ಲ. ಆದರೆ ಕೋಶಗಳಿರುವ ಮುಖ ಮೇಲೋ ಕೆಳಗೋ? ಕಣ್ಣಿಗೆ ಎರಡೂ ಒಂದೇ. ಉಜ್ಜಿಹೋಗಿದ್ದರೆ ನಲವತ್ತು ದಿನವೂ ನೀರುಪಾಲು.

"ಅಳಬೇಡ ಕಣೇ, ತಾಳು." ಕೋಶಗಳು ಒಣಗದಂತೆ ಅಕ್ಕ ಮೊದಲು ಒಂದು ಹನಿ ಉಪ್ಪುನೀರು ಬಿಡುತ್ತಾರೆ. ಸೂಜಿಮೊನೆಯಿಂದ ಅಂಚಿನಲ್ಲಿ ಕೂದಲೆಳೆಯಷ್ಟು ಗೀರಿ, ಬಿಲ್ಲೆಯನ್ನು ಪಕ್ಕದ ಸಾಧಾರಣ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಬರಿ ಗಾಜಿನ ಮೇಲೆ ಗೀರು ಮೂಡದು. ಕೋಶಗಳಿದ್ದರೆ ನಡುವೆ ದಾರಿ ಬೀಳುತ್ತದೆ.

"ಬಿದ್ದಿದೆ ನೋಡು ದಾರಿ! ಮುಖ ಮೇಲಕ್ಕೇ ಇದೆ."

ನನಗೂ ಹೋದ ಜೀವ ಬಂದಂತಾಗುತ್ತದೆ.

ಎಂಟೂವರೆಗೆ ಸಂಶೋಧಕಿ ಅಕ್ಕನ ಕೈಹಿಡಿದು ಅತಿಸೂಕ್ಷ್ಮದರ್ಶಕದ ಕೋಣೆಗೆ ಎಳೆದೊಯ್ಯುತ್ತಾಳೆ. ಪರದೆಯ ಮೇಲೆ ಹಸಿರು ಎಳೆಗಳು, ಒಂದೊಂದೂ ಬೇರೆ ಬೇರೆ. ಸುತ್ತ ಅಚ್ಚ ಕಪ್ಪು, ಒಂದು ಚುಕ್ಕೆಯೂ ಇಲ್ಲ. ಹುಡುಗಿ ಕುಣಿದಾಡುತ್ತಾಳೆ.

"ಇದನ್ನೊಂದು ಕಾಗದಕ್ಕೆ ಇಳಿಸಿಕೊಡ್ತೀಯಾ?" ಅಕ್ಕ ಸಂಕೋಚದಿಂದ ಕೇಳುತ್ತಾರೆ. "ಗಾಜು ತೊಳೆಯೋಕೆ ಇಷ್ಟು ಹೊತ್ತಾ ಅಂತ ನಮ್ಮತ್ತೆ ದಿನಾ ಕೇಳ್ತಾರೆ. ಅವರಿಗೆ ತೋರಿಸ್ಬೇಕು, ನನ್ನಾಸೆ ಅಷ್ಟೇ."

ಸಂಜೆ ನಾನೂ ಅವರ ಮನೆಗೆ ಹೋಗುತ್ತೇನೆ. "ಸರಿಯಾಗಿ ತೊಳೆಯದಿದ್ರೆ ಈ ಕಪ್ಪಲ್ಲೆಲ್ಲ ಚುಕ್ಕೆ ಇರ್ತಿತ್ತು" ಎಂದು ಅಕ್ಕ ಚಿತ್ರವನ್ನು ಅತ್ತೆಯ ಕೈಗಿಡುತ್ತಾರೆ. ಅತ್ತೆ ಕನ್ನಡಕ ಏರಿಸಿ ಚಿತ್ರವನ್ನು ಬಹಳ ಹೊತ್ತು ನೋಡುತ್ತಾರೆ. ಎದ್ದು ಹೋಗಿ, ಅಡುಗೆಮನೆಯ ಗೋಡೆಗೆ ತಾವೇ ಅಂಟಿಸುತ್ತಾರೆ. ಆಮೇಲೆ ಸೊಸೆಯ ಕಡೆ ತಿರುಗುತ್ತಾರೆ.

"ಇಷ್ಟು ಚೆನ್ನಾಗಿ ತೊಳೆಯೋಕೆ ಬರುತ್ತೇನೇ ನಿನಗೆ? ಹಾಗಿದ್ರೆ ನಮ್ಮನೆ ಲೋಟ ಏನು ಪಾಪ ಮಾಡಿತ್ತು?"