ಹಿಟ್ಟಿನ ಮೇಲಿನ ಅಕ್ಷರ

ಜೇವರ್ಗಿಯಲ್ಲಿ ನಾನು ಬಾಡಿಗೆಗಿದ್ದ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಒಬ್ಬ ಹೆಂಗಸಿದ್ದರು. ನಾವೆಲ್ಲ ಕಾಕು ಅನ್ನುತ್ತಿದ್ದೆವು. ಬಸ್ಸಿನ ಬೋರ್ಡು ತಾವೇ ಓದಿಕೊಂಡು ನೆಲೋಗಿಯ ಮಗಳ ಮನೆಗೆ ಹೋಗಬೇಕೆಂಬುದು ಅವರ ಹಟ. ಆ ಊರ ಹೆಸರಿನ ಮೂರೇ ಅಕ್ಷರ ಕಲಿಸುತ್ತೇನೆ ಅಂದರೆ ಒಪ್ಪಲಿಲ್ಲ. "ವಾಪಸ್ ಬರೂ ಬಸ್ಸೂ ಓದಬೇಕಲ್ರಿ."

ಹಾಗಾಗಿ ದಿನಾ ಮುಂಜಾನೆ ಒಂದು ಅಕ್ಷರ. ಮಣೆಯ ಮೇಲೆ ಉದುರಿಸಿದ ಜೋಳದ ಹಿಟ್ಟಿನಲ್ಲಿ ಅದನ್ನು ಬೆರಳಿನಿಂದ ಬರೆದು, ಕಣ್ಣು ಕಿರಿದು ಮಾಡಿ ನೋಡಿ, ಅದರ ಮೇಲೆಯೇ ಹಿಟ್ಟಿನ ಉಂಡೆ ಇಟ್ಟು ರೊಟ್ಟಿ ಬಡಿಯುತ್ತಿದ್ದರು.

ಒಮ್ಮೆ ಜ್ವರ ಬಂದು ಎರಡು ವಾರ ಮಲಗಿದರು. ಎದ್ದು ಕೂತಾಗ ಕಲಿತದ್ದೆಲ್ಲ ಮರೆತುಹೋಗಿತ್ತು. ಅಷ್ಟರಲ್ಲಿ ನಾನೂ ಇಲಾಖೆಯ ಪರೀಕ್ಷೆಗೆ ಓದುವುದನ್ನು ನಾಲ್ಕನೆಯ ಸಲ ಬಿಟ್ಟಿದ್ದೆ.

"ಇನ್ನ ಸಾಕ್ ಬಿಡ್ರಿ ಕಾಕು," ಅಂದೆ.

"ನಿನ್ನಿ ರೊಟ್ಟಿ ಹೊತ್ತಿತಂತ ಇವತ್ತ ಒಲಿ ಹಚ್ಚೂದು ಬಿಡ್ತಾರೇನ್ರಿ ಸರ?"

ಆ ಮಾತು ದಿನಕ್ಕೊಮ್ಮೆಯಾದರೂ ಅವರ ಬಾಯಲ್ಲಿ ಬರುತ್ತಿತ್ತು. ಅವತ್ತು ಮಾತ್ರ ನನ್ನ ಮುಖ ನೋಡಿ ಹೇಳಿದರು. ಹಿಟ್ಟು ಉದುರಿಸಿ ಮತ್ತೆ 'ಅ' ಬರೆದರು.

ಅವರು 'ನ' ಮುಟ್ಟುವ ಮೊದಲೇ ನನಗೆ ಆಳಂದಕ್ಕೆ ವರ್ಗವಾಯಿತು. ನೆಲೋಗಿ ಬಸ್ಸು ಓದಿ ಹತ್ತಿದರೋ ಇಲ್ಲವೋ ತಿಳಿಯಲಿಲ್ಲ. ಪರೀಕ್ಷೆಗೆ ಮತ್ತೆ ಓದಲು ಹಿಡಿದಿದ್ದರೂ ಪುಸ್ತಕ ತೆರೆಯದ ದಿನಗಳು ನನಗೆ ಈಗಲೂ ಬರುತ್ತವೆ. ಅಂಥ ದಿನ ಖಾನಾವಳಿಯ ತಟ್ಟೆಗೆ ರೊಟ್ಟಿ ಬಿದ್ದರೆ, ಮುರಿಯುವ ಮೊದಲು, ಅಡಿಯಲ್ಲಿ ಅಕ್ಷರವೇನಾದರೂ ಇದೆಯೇ ಎಂದು ಒಮ್ಮೆ ಮಗುಚಿ ನೋಡುತ್ತೇನೆ.